ದಮ್ಮಿಗೆ ಉಪ್ಪಿನ ಕೋಣೆ: ಬೇಕೆ, ಬೇಡವೆ?

ಪರ: ಕಫ ಸಡಿಲಾಗಲು ಉಪ್ಪು ಸಾಕು, ಕೋಣೆ ಸರಿಯಿರಬೇಕು

ಪೋಲೆಂಡಿನ ವಿಯೆಲಿಚ್ಕಾ ಉಪ್ಪಿನ ಗಣಿಯ ಗಾಳಿ ಎದೆಗೆ ಒಳ್ಳೆಯದೆಂದು ವೈದ್ಯ ಫೆಲಿಕ್ಸ್ ಬೊಚ್ಕೋವ್ಸ್ಕಿ ಬರೆದದ್ದು 1843ರಲ್ಲಿ. ಅದೇ ಗಣಿಯಲ್ಲಿ ಇವತ್ತಿಗೂ 135 ಮೀಟರ್ ಆಳದಲ್ಲಿ ರೋಗಿಗಳಿಗೆ ಉಸಿರಾಟದ ವ್ಯಾಯಾಮ ಮಾಡಿಸುತ್ತಾರೆ. ಗಣಿಗೆ ಇಳಿಯಲಾಗದವರಿಗಾಗಿ 1980ರ ದಶಕದಲ್ಲಿ ಸೋವಿಯತ್ ವೈದ್ಯರು ಅದನ್ನೇ ಕೋಣೆಯೊಳಕ್ಕೆ ತಂದರು. ಬೆಂಗಳೂರಿನ ಉಪ್ಪಿನ ಕೋಣೆಗಳು ಅದರ ಮರಿಗಳು.

ಗೋಡೆಗೆ ಮೆತ್ತಿದ ಗುಲಾಬಿ ಬಣ್ಣದ ಇಟ್ಟಿಗೆ ನೋಡಿ ಮರುಳಾಗಬೇಡಿ. ಉಪ್ಪು ಕರ್ಪೂರವಲ್ಲ, ತಾನಾಗಿ ಗಾಳಿಗೆ ಏರುವುದಿಲ್ಲ. ಕೆಲಸ ಮಾಡುವುದು ಪಕ್ಕದ ಕಿಂಡಿಯ ಹಿಂದಿರುವ ಹ್ಯಾಲೋಜನರೇಟರ್. ಅದು ಒಣ ಉಪ್ಪನ್ನು 1ರಿಂದ 5 ಮೈಕ್ರಾನ್ (ಮಿಲಿಮೀಟರಿನ ಸಾವಿರದ ಒಂದು ಪಾಲು ಒಂದು ಮೈಕ್ರಾನ್) ಗಾತ್ರಕ್ಕೆ ಅರೆದು ಗಾಳಿಗೆ ಊದುತ್ತದೆ. 10 ಮೈಕ್ರಾನ್ ದಾಟಿದ ಕಣ ಮೂಗು, ಗಂಟಲಲ್ಲೇ ನಿಲ್ಲುತ್ತದೆ. ಸಣ್ಣದು ಶ್ವಾಸನಾಳದ ಕವಲುಗಳವರೆಗೆ ಇಳಿದು, ಅಲ್ಲಿನ ತೇವದಲ್ಲಿ ಕರಗಿ ನೀರನ್ನು ಎಳೆದುಕೊಳ್ಳುತ್ತದೆ. ಮಾವಿನ ಮಿಡಿಗೆ ಉಪ್ಪು ಬೆರೆಸಿಟ್ಟರೆ ಮರುದಿನ ಜಾಡಿಯಲ್ಲಿ ನೀರು ನಿಂತಿರುವುದಿಲ್ಲವೆ, ಹಾಗೆ. ಅಂಟು ಕಫ ಸಡಿಲಾಗಿ ಕೆಮ್ಮಿದರೆ ಬರುತ್ತದೆ. ಎದೆಯಲ್ಲಿ ಅಂಟು ಕಫ ಕಟ್ಟುವ ಹುಟ್ಟು ಕಾಯಿಲೆ ಸಿಸ್ಟಿಕ್ ಫೈಬ್ರೋಸಿಸ್ ಇದ್ದವರಿಗೆ ಶೇ 7ರ ಉಪ್ಪುನೀರಿನ ಸಣ್ಣ ತುಂತುರು ಎಳೆಸಿದಾಗ ಎದೆಯ ತೊಂದರೆ ಉಲ್ಬಣಿಸುವುದು ಕಡಿಮೆಯಾಯಿತೆಂದು ಆಸ್ಟ್ರೇಲಿಯಾದ ಪ್ರಯೋಗ 2006ರಲ್ಲಿ ತೋರಿಸಿತು. ಅಂದರೆ ಎದೆಗೂ ಉಪ್ಪಿಗೂ ಸಂಬಂಧವಿರುವುದು ಬರೀ ನಂಬಿಕೆಯಲ್ಲ.

ಚಿಕ್ಕಬಳ್ಳಾಪುರದಲ್ಲಿ ಇಂಥದ್ದೊಂದು ಕೋಣೆ ಮಾಡುವುದಾದರೆ ಕೆಡುವುದು ತೇವದಿಂದ. ಗಾಳಿಯ ತೇವಾಂಶ ಶೇ 75 ದಾಟಿದರೆ ಉಪ್ಪು ನೀರು ಹೀರಿ ಹೆಂಟೆಗಟ್ಟುತ್ತದೆ. ಮಳೆಗಾಲದ ಬೆಳಿಗ್ಗೆ ನಂದಿಬೆಟ್ಟದ ಕೆಳಗೆ ಇದು ಮಾಮೂಲು. ಅರೆಯುವ ಬಟ್ಟಲು ಕಟ್ಟಿಕೊಳ್ಳುತ್ತದೆ, ದಪ್ಪ ಕಣ ಹಾರುತ್ತದೆ, ಒಳಗೆ ಕೂತವರಿಗೆ ಗಂಟಲು ಕೆರೆತ. ಆದ್ದರಿಂದ ತೇವಾಂಶ ಶೇ 40ರಿಂದ 60ರೊಳಗೇ ಇರಬೇಕು. ಅಳೆಯುವ ಮೀಟರ್ ರೋಗಿಯ ಕಣ್ಣಿಗೆ ಬೀಳುವಂತೆ ಗೋಡೆಯಲ್ಲಿ ಇರಬೇಕು. ಅಂಗಡಿಯ ಅಯೋಡಿನ್ ಉಪ್ಪು ಬೇಡ, ಅದರಲ್ಲಿ ಹೆಂಟೆಗಟ್ಟದಂತೆ ಪುಡಿ ಬೆರೆಸಿರುತ್ತಾರೆ. ಔಷಧ ದರ್ಜೆಯ ಶುದ್ಧ ಉಪ್ಪೇ ಆಗಬೇಕು. 10×12 ಅಡಿ ಕೋಣೆಗೆ ನಾಲ್ಕು ಜನ, ಒಂದು ತಂಡ ಎದ್ದ ಮೇಲೆ 20 ನಿಮಿಷ ಎಕ್ಸಾಸ್ಟ್ ಫ್ಯಾನ್.

ಮೊದಲ ದಿನ 15 ನಿಮಿಷ, ಒಗ್ಗಿದರೆ 45. ಕೂರುವ ಮುಂಚೆ, ಎದ್ದ ಮೇಲೆ ಉಸಿರು ಊದುವ ವೇಗ ಅಳೆಯುವ ಪೀಕ್ ಫ್ಲೋ ಮೀಟರ್‌ಗೆ ಮೂರು ಸಲ ಊದಿಸಿ ದೊಡ್ಡ ಅಂಕಿ ಬರೆದುಕೊಳ್ಳಬೇಕು. 400 ಇದ್ದದ್ದು 340ಕ್ಕೆ ಇಳಿದರೆ ಆ ರೋಗಿಗೆ ಈ ಕೋಣೆ ಆಗಿಬರುವುದಿಲ್ಲ, ಅಷ್ಟೆ. ಎರಡು ವಾರ ಮೀರಿದ ಕೆಮ್ಮಿದ್ದವರು ಮೊದಲು ಕಫ ಪರೀಕ್ಷೆ ಮಾಡಿಸಿ ಬರಲಿ. ಮುಚ್ಚಿದ ಕೋಣೆಯಲ್ಲಿ ಕ್ಷಯ ಸುಲಭವಾಗಿ ಹರಡುತ್ತದೆ. ದಿನದ ಇನ್‌ಹೇಲರ್ ನಿಲ್ಲಿಸುವ ಮಾತೇ ಇಲ್ಲ. ಶಿಡ್ಲಘಟ್ಟದ ರೇಷ್ಮೆ ಬಿಚ್ಚಾಣಿಕೆ ಘಟಕದಲ್ಲೋ ಕಲ್ಲು ಕ್ರಷರ್ ಪಕ್ಕದಲ್ಲೋ ದಿನ ಕಳೆಯುವವರಿಗೆ ಧೂಳಿಲ್ಲದ ಮುಕ್ಕಾಲು ಗಂಟೆಯೂ ಸಣ್ಣ ಲಾಭವಲ್ಲ.

ವಿರೋಧ: ಲೆಕ್ಕ ಹಾಕಿದರೆ ಉಪ್ಪೇ ಸಿಗುವುದಿಲ್ಲ

ಮಿಡಿ ನೀರು ಬಿಡುವುದು ಹಿಡಿಗಟ್ಟಲೆ ಉಪ್ಪು ಹಾಕಿದಾಗ. ಚಿಟಿಕೆ ಹಾಕಿಟ್ಟರೆ ಕೊಳೆಯುತ್ತದೆ.

ಯಂತ್ರ ಮಾರುವವರು ಹೇಳುವ ಪ್ರಮಾಣ ಒಂದು ಘನ ಮೀಟರ್ ಗಾಳಿಗೆ 1ರಿಂದ 10 ಮಿಲಿಗ್ರಾಂ. ಹತ್ತನ್ನೇ ಹಿಡಿಯೋಣ. ಸುಮ್ಮನೆ ಕೂತವರು ನಿಮಿಷಕ್ಕೆ ಸುಮಾರು 7 ಲೀಟರ್ ಉಸಿರಾಡುತ್ತಾರೆ. 45 ನಿಮಿಷಕ್ಕೆ 315 ಲೀಟರ್, ಘನ ಮೀಟರಿನ ಮೂರನೇ ಒಂದು ಪಾಲೂ ಇಲ್ಲ. ಒಳಗೆ ಹೋದ ಉಪ್ಪು 3 ಮಿಲಿಗ್ರಾಂ, ಅದರಲ್ಲೂ ಒಂದಿಷ್ಟು ಹೊರಉಸಿರಿನಲ್ಲಿ ವಾಪಸು. ಆಸ್ಟ್ರೇಲಿಯಾದ ಆ ಪ್ರಯೋಗದಲ್ಲಿ ಶೇ 7ರ ಉಪ್ಪುನೀರು ಒಂದು ಹೊತ್ತಿಗೆ 4 ಎಂಎಲ್, ಅಂದರೆ 280 ಮಿಲಿಗ್ರಾಂ ಉಪ್ಪು. ದಿನಕ್ಕೆ ಎರಡು ಹೊತ್ತು, 48 ವಾರ. ಹತ್ತರಲ್ಲಿ ಒಂದು ಪಾಲು ಮಾತ್ರ ಎದೆಗೆ ಇಳಿಯಿತು ಎಂದುಕೊಂಡರೂ 28 ಮಿಲಿಗ್ರಾಂ. ಈ ಫಲಿತಾಂಶ ತೋರಿಸಿ ಕೋಣೆಯ ಟಿಕೆಟ್ ಮಾರುವುದು ನ್ಯಾಯವೆ? ಮೇಲಾಗಿ ಅದು ಬೇರೆಯೇ ಕಾಯಿಲೆ, ದಮ್ಮಲ್ಲ.

ಹಾಗಾದರೆ ಯಂತ್ರ ಜೋರು ಮಾಡೋಣ ಎಂದರೆ ಇನ್ನೊಂದು ತೊಡಕು. ದಮ್ಮಿದೆಯೋ ಇಲ್ಲವೋ ಎಂದು ಪತ್ತೆಹಚ್ಚಲು ಪ್ರಯೋಗಾಲಯದಲ್ಲಿ ಶೇ 4.5ರ ಉಪ್ಪುನೀರಿನ ತುಂತುರು ಎಳೆಸುವ ಪರೀಕ್ಷೆಯಿದೆ. ದಮ್ಮಿನವರ ಶ್ವಾಸನಾಳ ಬಿಗಿದುಕೊಳ್ಳುತ್ತದೆ, ಅದೇ ಗುರುತು. ಆ 2006ರ ಪ್ರಯೋಗದಲ್ಲೂ ಉಪ್ಪುನೀರಿಗೆ ಮೊದಲು ನಾಳ ಹಿಗ್ಗಿಸುವ ಔಷಧ ಕೊಟ್ಟೇ ಮುಂದುವರಿದರು. ಕಡಿಮೆಯಾದರೆ ಉಪಯೋಗವಿಲ್ಲ, ಉಪಯೋಗವಾಗುವಷ್ಟಾದರೆ ಉಬ್ಬಸ.

ದಮ್ಮಿನವರನ್ನು ಗಣಿ, ಗವಿಗಳಲ್ಲಿ ಕೂರಿಸುವ ಗವಿ ಚಿಕಿತ್ಸೆಯ ಪ್ರಯೋಗಗಳನ್ನು, ವೈದ್ಯಕೀಯ ಪ್ರಯೋಗಗಳನ್ನು ಒರೆಗೆ ಹಚ್ಚುವ ಕಾಕ್ರೇನ್ ಸಂಸ್ಥೆ ಜಾಲಾಡಿದಾಗ ಪರಿಗಣಿಸಲು ಸಿಕ್ಕಿದ್ದು ಮೂರು, ಎಲ್ಲ ಸೇರಿ 124 ಮಕ್ಕಳು. ಅದರಲ್ಲಿ ಗುಣಮಟ್ಟ ಒಪ್ಪುವಂಥದ್ದು ಒಂದೇ. ಪರಿಣಾಮವಿದೆ ಎನ್ನಲು ಆಧಾರ ಸಾಲದೆಂಬುದು ತೀರ್ಮಾನ. ವಿಯೆಲಿಚ್ಕಾದಲ್ಲಿ ಆರಾಮ ಕಂಡವರಿಗೆ ವ್ಯಾಯಾಮ, ವಿಶ್ರಾಂತಿ, ಮನೆ-ಗದ್ದೆಯ ಧೂಳಿನಿಂದ ರಜೆ ಎಲ್ಲ ಒಟ್ಟಿಗೇ ಸಿಕ್ಕಿತ್ತು. ಉಪ್ಪಿಗೆ ಹೆಸರು ಬಂತು.

ಉಪ್ಪಿಲ್ಲದಿದ್ದರೆ ಗವಿಯ ತಂಪಾದರೂ ಸಾಕೆಂದು ಕೋಲಾರದ ಅಂತರಗಂಗೆಯ ಗವಿಗಳಿಗೆ ನುಗ್ಗಬೇಡಿ. ಅಲ್ಲಿ ಇರುವುದು ಬಂಡೆ ಸಂದಿ, ಉಪ್ಪಲ್ಲ. ಬಾವಲಿ ಹಿಕ್ಕೆಯ ಪುಡಿ ಎದೆಗೆ ಕೆಟ್ಟದ್ದು. ಗಣಿಯ ಗಾಳಿ ಆರೋಗ್ಯಕ್ಕೆ ಹಿತ ಎಂಬ ಮಾತನ್ನು ಕೆಜಿಎಫ್‌ನಲ್ಲಿ ಆಡಿ ನೋಡಿ. ಕಲ್ಲು ಕೊರೆದ ಸಿಲಿಕಾ ಧೂಳು ಕುಡಿದು ಸಿಲಿಕೋಸಿಸ್ ಎಂಬ ಶ್ವಾಸಕೋಶದ ಕಾಯಿಲೆ ಹಿಡಿದ ಊರು ಅದು. 2001ರಲ್ಲಿ ಗಣಿ ಮುಚ್ಚಿದ ಮೇಲೂ ಸೈನೈಡ್ ದಿಬ್ಬದ (ಚಿನ್ನ ತೆಗೆದು ಉಳಿದ ಪುಡಿಯ ಗುಡ್ಡೆ) ಧೂಳು ಗಾಳಿ ಬೀಸಿದಾಗ ಮನೆಯೊಳಕ್ಕೆ ಬರುತ್ತದೆ.

ಇಪ್ಪತ್ತು ಸಲ ಕೋಣೆಗೆ ಹೋಗುವ ಸಮಯದಲ್ಲಿ ಅರ್ಧ ಗಂಟೆ ಇನ್‌ಹೇಲರ್ ಹಿಡಿಯುವುದನ್ನು ಕಲಿಯಿರಿ. ಬಹಳ ಜನರಿಗೆ ಔಷಧ ನಾಲಗೆಯ ಮೇಲೇ ಬೀಳುತ್ತದೆ, ಆಮೇಲೆ ಇನ್‌ಹೇಲರ್ ಕೆಲಸ ಮಾಡಲಿಲ್ಲ ಎಂಬ ದೂರು. ಡಬ್ಬಿ ಅಲ್ಲಾಡಿಸಿ ಸ್ಪೇಸರ್‌ಗೆ (ಔಷಧ ಹಿಡಿದಿಡುವ ಪ್ಲಾಸ್ಟಿಕ್ ಕೊಳವೆ) ಸಿಕ್ಕಿಸಿ, ಉಸಿರು ಪೂರ್ತಿ ಹೊರಗೆ ಬಿಟ್ಟು, ಅದರ ಬಾಯಿಯನ್ನು ತುಟಿಗಳಿಂದ ಬಿಗಿಯಾಗಿ ಹಿಡಿದು ಒಂದೇ ಸಲ ಒತ್ತಿ, ನಿಧಾನವಾಗಿ ಎಳೆದು, ಹತ್ತು ಎಣಿಸುವವರೆಗೆ ಹಿಡಿಯಿರಿ. ಎರಡನೇ ಸಲಕ್ಕೆ ಮತ್ತೆ ಅಲ್ಲಾಡಿಸಿ. ಸ್ಟೆರಾಯ್ಡ್ ಇದ್ದರೆ ಬಾಯಿ ಮುಕ್ಕಳಿಸಿ ಉಗಿಯಿರಿ. ವಾರಕ್ಕೊಮ್ಮೆ ಸ್ಪೇಸರನ್ನು ಸೋಪುನೀರಿನಲ್ಲಿ ಅದ್ದಿ ಹಾಗೇ ಒಣಗಲು ಬಿಡಿ, ಬಟ್ಟೆಯಲ್ಲಿ ಉಜ್ಜಬೇಡಿ. ಉಜ್ಜಿದ ಪ್ಲಾಸ್ಟಿಕ್‌ಗೆ ಸ್ಥಿರ ವಿದ್ಯುತ್ ಏರಿ ಔಷಧ ಅದರ ಒಳಮೈಗೇ ಅಂಟಿಕೊಳ್ಳುತ್ತದೆ.