ಸ್ಕ್ರೂ ಬಿಚ್ಚದ ಪುಣ್ಯಾತ್ಮ

ಸ್ಪ್ರೇ ಪೇಂಟ್ ಡಬ್ಬಿ ಮಾರುವವರು ಪ್ರತಿ ಡಬ್ಬಿಯ ಜೊತೆ ಒಂದು ಸ್ಕ್ರೂ ಡ್ರೈವರ್ ಕೊಡಲೇಬೇಕು ಅಂತ ಯಾರಾದರೂ ಕಾನೂನು ತಂದರೆ ನನ್ನ ವೋಟು ಅವರಿಗೇ. ಜೊತೆಗೆ ಒಂದು ಚೀಟಿಯೂ ಇರಲಿ: 'ಮೊದಲು ಬಿಚ್ಚಿ, ಆಮೇಲೆ ಹೊಡೆಯಿರಿ'. ಅಷ್ಟು ಸಾಕು. ಅರ್ಧ ಲೋಕ ಉದ್ಧಾರವಾಗುತ್ತದೆ.

ನಾನು ಕೊಂಡ ಸೆಕೆಂಡ್ ಹ್ಯಾಂಡ್ ಬೈಕಿನ ಹಿಂದಿನ ಮಾಲೀಕನಿಗೆ ಇಂಥ ಚೀಟಿ ಯಾರೂ ಕೊಟ್ಟಿರಲಿಲ್ಲ. ಆ ಪುಣ್ಯಾತ್ಮ ಬೈಕಿಗೆ ತಾನೇ ಬಣ್ಣ ಹೊಡೆದಿದ್ದ. ಅದನ್ನು ಮುಚ್ಚಿಟ್ಟಿದ್ದರೆ ನಾಚಿಕೆ ಇದೆ ಅಂತಾದರೂ ಅಂದುಕೊಳ್ಳಬಹುದಿತ್ತು. ಇಲ್ಲ, ಟ್ಯಾಂಕನ್ನು ತಟ್ಟಿ ತಟ್ಟಿ ತೋರಿಸಿದ. "ಸರ್, ಫ್ರೆಶ್ ಪೇಂಟು. ಮ್ಯಾಟ್ ಬ್ಲ್ಯಾಕ್. ನಾನೇ ಮಾಡಿದ್ದು." ನಾನು ಎಂಜಿನ್ ಸದ್ದು ಕೇಳಿಸಿಕೊಂಡೆ, ಚೆನ್ನಾಗಿತ್ತು. ಕಾಗದಪತ್ರ ನೋಡಿದೆ, ಸರಿ ಇದ್ದವು. ಬಣ್ಣ ಕೆಟ್ಟದಾಗಿದೆ ಅಂತ ಒಳ್ಳೆ ಎಂಜಿನ್ ಬಿಡೋಕಾಗುತ್ತಾ? ಹೊರಡುವ ಮುಂಚೆ ಸುಮ್ನೆ ಒಂದು ಮಾತು ಕೇಳಿದ್ದೆ, ಇಷ್ಟೆಲ್ಲ ಪ್ರೀತಿಯಿಂದ ಬಣ್ಣ ಮಾಡಿ ಯಾಕೆ ಮಾರುತ್ತಿದ್ದೀರಿ ಅಂತ. "ಯಾಕೋ ಪೇಂಟ್ ಮಾಡಿದ ಮೇಲೆ ಈ ಬೈಕ್ ನಂಗೆ ಆಗಿ ಬರ್ಲಿಲ್ಲ ಸರ್" ಅಂದ. ಈ ಮಾತನ್ನು ನೀವು ಸ್ವಲ್ಪ ನೆನಪಲ್ಲಿ ಇಟ್ಟುಕೊಂಡಿರಿ.

ಕೆಟ್ಟ ಬಣ್ಣದ ಬೈಕಿನ ಜೊತೆ ದಿನ ಕಳೆಯುವುದು ಹೇಗಿರುತ್ತದೆ ಅಂತ ಅನುಭವಿಸಿದವರಿಗೆ ಹೇಳಬೇಕಾಗಿಲ್ಲ. ಪೆಟ್ರೋಲ್ ಹಾಕಿಸುವಾಗ ನಾಲ್ಕು ಹನಿ ಚೆಲ್ಲೇ ಚೆಲ್ಲುತ್ತದೆ. ಕಂಪನಿಯಿಂದ ಬಂದ ಬಣ್ಣಕ್ಕೆ ಅದು ಲೆಕ್ಕಕ್ಕಿಲ್ಲ. ಗಟ್ಟಿಯಾಗಿಸುವ ಹಾರ್ಡನರ್ ಬೆರೆಸಿ ಬಣ್ಣದ ಮೇಲೆ ಹೊಡೆಯುವ ಪಾರದರ್ಶಕ ಕ್ಲಿಯರ್ ಕೋಟ್ ಕೂಡ ಒಣಗಿ ಗಟ್ಟಿಯಾದ ಮೇಲೆ ಪೆಟ್ರೋಲಿಗೆ ಜಗ್ಗುವುದಿಲ್ಲ. ಆದರೆ ಸಾಮಾನ್ಯ ಸ್ಪ್ರೇ ಡಬ್ಬಿಯ ಬಣ್ಣ ಪೆಟ್ರೋಲ್ ಕಂಡರೆ ಕರಗಿ ಅಂಟಂಟಾಗುತ್ತದೆ. ಆ ಅಂಟಿನ ಮೇಲೆ ಮಂಡಿ ಊರಿ ನಾವು ಆಫೀಸಿಗೆ ಹೋಗುತ್ತೇವೆ. ನನ್ನ ಅಷ್ಟೂ ಪ್ಯಾಂಟುಗಳ ಒಳತೊಡೆ ಈಗ ಮ್ಯಾಟ್ ಬ್ಲ್ಯಾಕ್. ಬಟ್ಟೆ ಒಗೆಯುವಾಗ ಮನೆಯಲ್ಲಿ ಕೇಳಿದ ಪ್ರಶ್ನೆಗಳನ್ನು ಇಲ್ಲಿ ಬರೆಯುವುದಿಲ್ಲ. ಕೊನೆಯದ್ದು ಮಾತ್ರ ಹೇಳುತ್ತೇನೆ. "ರೀ, ಒಂದೋ ಆ ಬಣ್ಣ ತೆಗೀರಿ, ಇಲ್ಲಾ ಕಪ್ಪು ಪ್ಯಾಂಟೇ ಹಾಕ್ಕೊಳ್ಳಿ."

ತೆಗೆಯೋಣ ಅಂತ ಕೂತೆ. ಕೂತು ಹತ್ತಿರದಿಂದ ನೋಡಿದಾಗಲೇ ನನಗೂ ಹಿಂದಿನ ಮಾಲೀಕನಿಗೂ ನಿಜವಾದ ಪರಿಚಯ ಆದದ್ದು.

ಆತ ಒಂದೇ ಒಂದು ಸ್ಕ್ರೂ ಬಿಚ್ಚಿಲ್ಲ. ಬೈಕನ್ನು ಸೈಡ್ ಸ್ಟ್ಯಾಂಡ್ ಹಾಕಿ ನಿಲ್ಲಿಸಿದ್ದಾನೆ, ಡಬ್ಬಿ ಒತ್ತಿದ್ದಾನೆ, ಡಬ್ಬಿ ಖಾಲಿಯಾಗುವ ತನಕ ಸುತ್ತು ಹೊಡೆದಿದ್ದಾನೆ. ಸೈಡ್ ಸ್ಟ್ಯಾಂಡ್ ವಿಷಯ ನನಗೆ ಹೇಗೆ ಗೊತ್ತು ಅಂದರೆ, ಮುಂದಿನ ಮಡ್‌ಗಾರ್ಡ್ ಮೇಲೆ ಇಳಿದು ಒಣಗಿದ ಹನಿಗಳೆಲ್ಲ ಎಡಕ್ಕೆ ವಾಲಿವೆ. ಇಪ್ಪತ್ತು ಮೂವತ್ತು ಸೆಂಟಿಮೀಟರ್ ದೂರದಿಂದ ತೆಳ್ಳಗೆ ಹೊಡೆದು, ಒಣಗಲು ಬಿಟ್ಟು, ಮತ್ತೆ ಹೊಡೆಯಬೇಕು ಅಂತ ಡಬ್ಬಿಯ ಮೇಲೇ ಬರೆದಿರುತ್ತಾರೆ. ಈತ ಡಬ್ಬಿಯ ಮೂತಿಯನ್ನು ಟ್ಯಾಂಕಿಗೆ ಮುತ್ತು ಕೊಡಿಸುವಷ್ಟು ಹತ್ತಿರ ಹಿಡಿದಿದ್ದಾನೆ. ಬ್ರೇಕ್ ಕೇಬಲ್ ಕಪ್ಪು. ಹಾರ್ನ್ ಕಪ್ಪು. ಫುಟ್‌ರೆಸ್ಟಿನ ರಬ್ಬರ್ ಮೊದಲೇ ಕಪ್ಪಿತ್ತು, ಅದರ ಮೇಲೂ ಕಪ್ಪು. ಎಡಗಡೆ ಇಂಡಿಕೇಟರ್ ಅರ್ಧ ಕಪ್ಪು, ಹಾಗಾಗಿ ನಾನು ಎಡಕ್ಕೆ ತಿರುಗುವುದು ಹಿಂದಿನವರಿಗೆ ಅರ್ಧ ಮಾತ್ರ ಗೊತ್ತಾಗುತ್ತದೆ. ಸ್ಪೀಡೋಮೀಟರ್ ಗಾಜಿನ ಅಂಚಿಗೂ ಬಣ್ಣ ಬಿದ್ದು, ಕಿಲೋಮೀಟರಿನ ಕೊನೆಯ ಅಂಕಿ ಕಾಣುವುದೇ ಇಲ್ಲ. ಮಾಸ್ಕಿಂಗ್ ಟೇಪ್ ಹಾಕಿದ್ದ ಒಂದೇ ಜಾಗ ಅಂದರೆ ಹೆಡ್‌ಲೈಟು. ಪರವಾಗಿಲ್ಲ, ಅಷ್ಟಾದರೂ ಬುದ್ಧಿ ಓಡಿಸಿದ್ದಾನೆ ಅಂದುಕೊಂಡು ನೋಡಿದರೆ, ಟೇಪಿನ ಚೂರು ರಿಂಗಿನ ಒಳಗೆ ಇನ್ನೂ ಹಾಗೇ ಇದೆ. ಅದರ ಮೇಲೂ ಬಣ್ಣ.

ಟ್ಯಾಂಕಿನ ಮೇಲಿದ್ದ ಕಂಪನಿ ಸ್ಟಿಕ್ಕರನ್ನು ಕೀಳುವ ಕಷ್ಟವನ್ನೂ ತೆಗೆದುಕೊಂಡಿರಲಿಲ್ಲ. ಸೀದಾ ಅದರ ಮೇಲೇ ಹೊಡೆದಿದ್ದ. ಹೆಸರು ಕಣ್ಣಿಗೆ ಕಾಣುವುದಿಲ್ಲ, ಬೆರಳಲ್ಲಿ ಸವರಿದರೆ ಓದಬಹುದು. ಹಿಂದಿನ ಮಡ್‌ಗಾರ್ಡಿನಲ್ಲಿ ಒಂದು ಸೊಳ್ಳೆ ಇತ್ತು. ಬಣ್ಣ ಹಸಿ ಇದ್ದಾಗ ಬಂದು ಕೂತದ್ದಲ್ಲ, ಅದು ಮೊದಲೇ ಅಲ್ಲಿ ಕೂತಿತ್ತು, ಈತ ಅದಕ್ಕೂ ಸೇರಿಸಿ ಹೊಡೆದಿದ್ದಾನೆ. ಮ್ಯಾಟ್ ಬ್ಲ್ಯಾಕ್ ಸೊಳ್ಳೆ, ಆರೂ ಕಾಲು ಎಣಿಸಬಹುದು. ಬೈಕಿನಲ್ಲಿ ಬಣ್ಣ ಸಮನಾಗಿ ಕೂತಿದ್ದ ಜಾಗ ಅದೊಂದೇ.

ಸ್ಪ್ರೇ ಡಬ್ಬಿಯಲ್ಲಿ ಬಣ್ಣ ತುಂಬುವುದನ್ನು ಕಂಡುಹಿಡಿದದ್ದು 1949ರಲ್ಲಿ, ಅಮೆರಿಕದ ಎಡ್ವರ್ಡ್ ಸೀಮೋರ್ ಎಂಬುವರು. ಅಲ್ಯೂಮಿನಿಯಂ ಬಣ್ಣವನ್ನು ಜನರಿಗೆ ತೋರಿಸಲು ಸುಲಭದ ದಾರಿ ಬೇಕಿತ್ತು. ಡಬ್ಬಿಗೆ ತುಂಬಿ ಸಿಂಪಡಿಸಿದರೆ ಹೇಗೆ ಅಂತ ಹೊಳೆದದ್ದು ಅವರ ಹೆಂಡತಿಗಂತೆ. ಪಾಪ, ಒಳ್ಳೆಯ ಜನ. ಅವರ ಮೇಲೆ ನನಗೇನೂ ಸಿಟ್ಟಿಲ್ಲ. ಆದರೆ ಬ್ರಷ್ಷಿನ ಕಾಲದಲ್ಲಿ ಒಬ್ಬ ಮನುಷ್ಯ ಬೇಜಾರಾಗಿ ನಿಲ್ಲಿಸುವ ಮುಂಚೆ ಎಷ್ಟು ಹಾಳು ಮಾಡಬಹುದಿತ್ತು ಅನ್ನುವುದಕ್ಕೆ ಒಂದು ಮಿತಿ ಇತ್ತು, ಅಲ್ವಾ?

ಬಣ್ಣ ತೆಗೆಯಲು ಕೂತರೆ ಸಲಹೆಗಾರರು ಎಲ್ಲಿಂದಲೋ ಉದುರುತ್ತಾರೆ. ಬ್ರೇಕ್ ಆಯಿಲ್ ಸುರಿ ಅಂದ ಒಬ್ಬ. ಮಾತು ಸುಳ್ಳಲ್ಲ, ಡಾಟ್ 3, ಡಾಟ್ 4 ಅನ್ನುವ ದರ್ಜೆಯ ಬ್ರೇಕ್ ಆಯಿಲ್ ಬಣ್ಣವನ್ನು ತಿನ್ನುತ್ತದೆ. ಆದರೆ ಸುರಿದ ಎಣ್ಣೆಯನ್ನು ಪೂರ್ತಿ ತೊಳೆಯದಿದ್ದರೆ ಆಮೇಲೆ ಹೊಡೆಯುವ ಬಣ್ಣವನ್ನೂ ತಿನ್ನುತ್ತದೆ. ಇನ್ನೊಬ್ಬರು ಹೀಟ್ ಗನ್ ಹಿಡಿದುಕೊಂಡೇ ಬಂದರು. "ಟ್ಯಾಂಕ್ ಖಾಲಿ ಇದೆ ತಾನೆ, ಇನ್ನೇನು ಭಯ?" ಖಾಲಿ ಇರುವುದೇ ಭಯ ಮಾರಾಯರೇ. ತುಂಬಿದ ಟ್ಯಾಂಕಿನಲ್ಲಿ ಪೆಟ್ರೋಲ್ ಇರುತ್ತದೆ, ಖಾಲಿ ಟ್ಯಾಂಕಿನಲ್ಲಿ ಗಾಳಿ ಬೆರೆತ ಪೆಟ್ರೋಲ್ ಆವಿ ಇರುತ್ತದೆ, ಸಿಡಿಯುವುದು ಆವಿ. ಇದನ್ನು ಅವರಿಗೆ ಅರ್ಥ ಮಾಡಿಸುವಷ್ಟರಲ್ಲಿ ನಾನು ಒಂದು ಸೈಡ್ ಪ್ಯಾನಲ್ ಉಜ್ಜಿ ಮುಗಿಸಬಹುದಿತ್ತು.

ಪೇಂಟ್ ರಿಮೂವರ್ ತಂದೆ. ಇದರಲ್ಲೂ ಎರಡು ಜಾತಿ. ಡೈಕ್ಲೋರೋಮೀಥೇನ್ ಇರುವುದು ನಿಮಿಷಗಳಲ್ಲಿ ಕೆಲಸ ಮುಗಿಸುತ್ತದೆ, ಆದರೆ ಅದರ ಆವಿ ಉಸಿರಿನಲ್ಲಿ ಒಳಗೆ ಹೋದರೆ ದೇಹ ಅದನ್ನು ಕಾರ್ಬನ್ ಮಾನಾಕ್ಸೈಡ್ ಮಾಡಿಕೊಳ್ಳುತ್ತದೆ. ಗಾಳಿಯಾಡದ ಕೋಣೆಯಲ್ಲಿ ಅದನ್ನು ಬಳಸಿದವರು ಸತ್ತದ್ದೂ ಇದೆ. ಅಮೆರಿಕದಲ್ಲಿ 2019ರಿಂದ ಸಾಮಾನ್ಯ ಜನರಿಗೆ ಅದನ್ನು ಬಣ್ಣ ತೆಗೆಯಲು ಮಾರುವಂತಿಲ್ಲ. ನಾನು ತಂದದ್ದು ಅದಿಲ್ಲದ ನಿಧಾನದ ಜಾತಿ. ದಪ್ಪಗೆ ಬಳಿದು, ಒಣಗದ ಹಾಗೆ ಪ್ಲಾಸ್ಟಿಕ್ ಹಾಳೆ ಹೊದಿಸಿ, ಬಯಲಲ್ಲಿ ಕೂತು ಕಾಯಬೇಕು. ಕಾದರೆ ಬಣ್ಣ ಕಾಯಿಸಿದ ಹಾಲಿನ ಕೆನೆಯ ಹಾಗೆ ಸುಕ್ಕುಗಟ್ಟಿ ಎದ್ದು ಬರುತ್ತದೆ. ಆ ಒಂದು ಗಳಿಗೆ ಮಾತ್ರ ಬಹಳ ಖುಷಿ. ಒಂದು ಸ್ಕ್ರೇಪರ್ ಎಳೆತಕ್ಕೆ ಅಂಗೈ ಅಗಲ ಜಾಗ ಬೋಳಾಗುತ್ತದೆ. ಉಳಿದ ಹೊತ್ತೆಲ್ಲ ಸಂದಿಗೊಂದಿಯಲ್ಲಿ ಹಲ್ಲುಜ್ಜುವ ಬ್ರಷ್ಷಿನಿಂದ ತಿಕ್ಕುವುದೇ. ಪ್ಲಾಸ್ಟಿಕ್ ಪ್ಯಾನಲ್ಲಿಗೆ ಈ ದ್ರಾವಣವೂ ಆಗದು, ಬಣ್ಣಕ್ಕಿಂತ ಮೊದಲು ಪ್ಯಾನಲ್ಲೇ ಮೆತ್ತಗಾಗುತ್ತದೆ. ಅಲ್ಲಿ ಎಮರಿ ಪೇಪರೇ ಗತಿ. 240, 320, 400, ಆಮೇಲೆ ನೀರು ಹಾಕಿ 600. ನಂಬರ್ ದೊಡ್ಡದಾದಷ್ಟೂ ಪೇಪರ್ ನುಣುಪು, ಕೆಲಸ ನಿಧಾನ. ಬಡ್ತಿ ಸಿಕ್ಕ ಮೇಲಿನವರನ್ನು ನೋಡಿ ಈ ನಂಬರ್ ಇಟ್ಟರೋ ಏನೋ.

ಒಂದು ತಮಾಷೆ ಅಂದರೆ, ಇರಬೇಕಾದ ಜಾಗದಲ್ಲಿ ನಿಲ್ಲದೆ ನನ್ನ ಪ್ಯಾಂಟಿಗೆ ಬಂದ ಅದೇ ಬಣ್ಣ, ಸ್ಪೋಕು, ನಟ್ಟು, ಕೇಬಲ್ ಇಂಥ ಕಡೆ ಹುಟ್ಟಿದಾಗಿನಿಂದ ಅಲ್ಲೇ ಇದ್ದ ಹಾಗೆ ಕಚ್ಚಿಕೊಂಡಿದೆ.

ಟ್ಯಾಂಕಿನ ಕಪ್ಪು ಹೋದ ಮೇಲೆ ಕೆಳಗೆ ಬೆಳ್ಳಿ ಬಣ್ಣ ಬಂತು. ಯಾರೋ ಮಧ್ಯದ ಮಾಲೀಕ ಹೊಡೆಸಿದ್ದು, ಪರವಾಗಿಲ್ಲ ಅನ್ನುವ ಹಾಗಿತ್ತು. ಅದರ ಕೆಳಗೆ ಕಂಪನಿಯ ಮೆರೂನ್. ಟ್ಯಾಂಕಿನ ಎರಡೂ ಪಕ್ಕ, ಮಂಡಿ ತಾಗುವ ಜಾಗದಲ್ಲಿ ಮಾತ್ರ ಆ ಮೆರೂನ್ ಸವೆದು ಬಣ್ಣದ ಅಡಿಗೆ ಹೊಡೆಯುವ ಪ್ರೈಮರ್ ಕಾಣುತ್ತಿತ್ತು. ಪ್ಯಾಂಟಿನ ಬಟ್ಟೆ ಉಜ್ಜಿ ಉಜ್ಜಿ ಬಣ್ಣ ಅಷ್ಟು ಸವೆಯಬೇಕಾದರೆ ಮೊಟ್ಟಮೊದಲ ಮಾಲೀಕ ವರ್ಷಗಟ್ಟಲೆ ಓಡಿಸಿರಬೇಕು. ಕೆಲಸಕ್ಕೆ ಹೋಗಿರಬಹುದು, ಮಕ್ಕಳನ್ನು ಸ್ಕೂಲಿಗೆ ಬಿಟ್ಟಿರಬಹುದು, ಟ್ಯಾಂಕ್ ಮೇಲೆ ಚಿಕ್ಕವರನ್ನು ಕೂರಿಸಿಕೊಂಡು ಒಂದು ಸುತ್ತು ಹಾಕಿರಬಹುದು. ಆ ಸವೆತಕ್ಕೆ ನನ್ನ ಮಂಡಿ ತಾಗಿಸಿ ನೋಡಿದೆ. ಆತ ನನಗಿಂತ ಉದ್ದ ಇದ್ದ. ಅದನ್ನು ಉಜ್ಜಿ ತೆಗೆಯಲು ಸ್ವಲ್ಪ ಹೊತ್ತು ಕೈ ಬರಲಿಲ್ಲ. ಆದರೆ ಬೋಳಾದ ಕಬ್ಬಿಣ ಕಾಯುವುದಿಲ್ಲ, ಗಾಳಿಯಲ್ಲಿ ತೇವ ಇದ್ದರೆ ಕೆಲವೇ ಗಂಟೆಗಳಲ್ಲಿ ತುಕ್ಕು ಹಿಡಿಯುತ್ತದೆ. ಉಜ್ಜಿದೆ, ಒರೆಸಿದೆ, ಅವತ್ತೇ ಪ್ರೈಮರ್ ಹೊಡೆದೆ.

ಈಗ ಪೆಟ್ರೋಲ್ ಮುಚ್ಚಳದ ವಿಷಯ.

ಈ ಬೈಕಿಗೆ ಒಂದು ಕಾಯಿಲೆ ಇತ್ತು. ಮನೆಯಿಂದ ಹೊರಟರೆ ಚೆನ್ನಾಗಿ ಓಡುತ್ತದೆ. ಸ್ವಲ್ಪ ದೂರ ಹೋದ ಮೇಲೆ ಉಸಿರು ಕಟ್ಟಿದ ಹಾಗೆ ಮಾಡಿ ನಿಲ್ಲುತ್ತದೆ. ಅದೂ ಎಲ್ಲಿ? ಸಿಗ್ನಲ್ ಹಸಿರಾದಾಗ. ಹಿಂದೆ ಇರುವವರೆಲ್ಲ ಹಾರ್ನ್ ಬಾರಿಸುತ್ತಾರೆ, ನನ್ನ ಮ್ಯಾಟ್ ಬ್ಲ್ಯಾಕ್ ಹಾರ್ನ್ ಬಡಿದರೆ ಕೆಮ್ಮುತ್ತದೆ. ಪಕ್ಕಕ್ಕೆ ತಳ್ಳಿ, ಪೆಟ್ರೋಲ್ ಇದೆಯಾ ಅಂತ ಮುಚ್ಚಳ ತೆಗೆದರೆ 'ಪುಸ್' ಅನ್ನುತ್ತದೆ. ಪೆಟ್ರೋಲ್ ಇದೆ. ಮುಚ್ಚಳ ಹಾಕಿ ಕಿಕ್ ಹೊಡೆದರೆ ಏನೂ ಆಗೇ ಇಲ್ಲ ಅನ್ನುವ ಹಾಗೆ ಸ್ಟಾರ್ಟ್ ಆಗುತ್ತದೆ. ಮೆಕ್ಯಾನಿಕ್ ಹತ್ತಿರ ಹೋದೆ. ಆತನಿಗೆ ಒಂದು ಅಭ್ಯಾಸ, ಯಾವ ಬೈಕ್ ಬಂದರೂ ಮೊದಲು ಮುಚ್ಚಳ ತೆಗೆದು ಒಳಗೆ ಇಣುಕುತ್ತಾನೆ. ಇಣುಕಿದ, ಮುಚ್ಚಿದ, ಆಮೇಲೆ ಕಾರ್ಬುರೇಟರ್ ಬಿಚ್ಚಿ ಕ್ಲೀನ್ ಮಾಡಿದ. ಬೈಕ್ ಸ್ಟಾರ್ಟ್ ಆಯಿತು. ಮುಂದಿನ ಸಲ ಇಣುಕಿದ, ಸ್ಪಾರ್ಕ್ ಪ್ಲಗ್ ಬದಲಾಯಿಸಿದ. ಸ್ಟಾರ್ಟ್ ಆಯಿತು. ಅದರ ಮುಂದಿನ ಸಲ ಇಣುಕಿದ, ಪೆಟ್ರೋಲ್ ಪೈಪ್ ಬದಲಾಯಿಸಿದ. ಆಗಲೂ ಆಯಿತು. ಆತ ಏನು ಮಾಡಿದರೂ ರಿಪೇರಿ ಆಗುತ್ತಿತ್ತು. ಕೈಗುಣ ಅಂದರೆ ಇದು ಅಂತ ಆತನಿಗೂ ಅನ್ನಿಸತೊಡಗಿತ್ತು.

ಮೊನ್ನೆ ಮುಚ್ಚಳಕ್ಕೂ ರಿಮೂವರ್ ಬಳಿದೆ. ಬಣ್ಣ ಎದ್ದು ಬಂತು. ಅದರ ಕೆಳಗೆ ಗುಂಡುಸೂಜಿ ಹೋಗುವಷ್ಟು ಒಂದು ತೂತು. ಅದರೊಳಗೆ ಗಟ್ಟಿಯಾಗಿ ಕೂತ ಒಂದು ಕಪ್ಪು ಕಾಳು.

ಟ್ಯಾಂಕಿನ ಪೆಟ್ರೋಲ್ ತನ್ನ ಭಾರಕ್ಕೆ ತಾನೇ ಕಾರ್ಬುರೇಟರಿಗೆ ಇಳಿಯುತ್ತದೆ. ಇಳಿದಷ್ಟು ಜಾಗಕ್ಕೆ ಮೇಲಿನಿಂದ ಗಾಳಿ ಬರಬೇಕು. ಆ ಗಾಳಿ ಬರುವ ದಾರಿಯೇ ಈ ತೂತು. ಅದು ಕಟ್ಟಿದರೆ ಸ್ವಲ್ಪ ದೂರ ಹೋಗುವಷ್ಟರಲ್ಲಿ ಒಳಗೆ ಗಾಳಿಯ ಒತ್ತಡ ಇಳಿದು ಪೆಟ್ರೋಲ್ ಬರುವುದೇ ನಿಲ್ಲುತ್ತದೆ. ಮುಚ್ಚಳ ತೆಗೆದರೆ 'ಪುಸ್', ಮತ್ತೆ ಸರಿ. ಅಂದರೆ ಮೆಕ್ಯಾನಿಕ್ಕಿನ ಇಣುಕುವ ಅಭ್ಯಾಸವೇ ರಿಪೇರಿ, ಉಳಿದದ್ದೆಲ್ಲ ಬಿಲ್ಲು.

ಈಗ ಆ ಪುಣ್ಯಾತ್ಮನ ಮಾತು ನೆನಪು ಮಾಡಿಕೊಳ್ಳಿ. ಪೇಂಟ್ ಮಾಡಿದ ಮೇಲೆ ಆಗಿ ಬರಲಿಲ್ಲವಂತೆ. ಹೇಗಪ್ಪಾ ಆಗಿ ಬರುತ್ತದೆ? ಮೂಗನ್ನೇ ಮುಚ್ಚಿ ಬಣ್ಣ ಹೊಡೆದು, ಅದು ಉಸಿರಾಡುತ್ತಿಲ್ಲ ಅಂತ ನನಗೆ ಮಾರಿದ್ದಾನೆ! ಫೋನ್ ಮಾಡಿ ಹೇಳಿಬಿಡೋಣ ಅನ್ನಿಸಿತು. ಮಾಡಿದೆ ಕೂಡ. ಎಲ್ಲ ತಾಳ್ಮೆಯಿಂದ ಕೇಳಿಸಿಕೊಂಡು, "ಹೌದಾ ಸರ್? ಆದ್ರೆ ಕಲರ್ ಮಾತ್ರ ಸೂಪರ್ ಇತ್ತಲ್ವಾ?" ಅಂದ. ಮೆಕ್ಯಾನಿಕ್ಕಿಗೂ ಹೇಳಿದೆ. "ಕಾರ್ಬುರೇಟರ್ ಕ್ಲೀನ್ ಮಾಡಿದ್ದು ಈಗ ಸೆಟ್ ಆಗಿದೆ ಬಿಡಿ ಸರ್" ಅಂದ.

ಸದ್ಯಕ್ಕೆ ಟ್ಯಾಂಕು, ಪ್ಯಾನಲ್ಲು, ಮಡ್‌ಗಾರ್ಡು ಬೂದು ಪ್ರೈಮರಿನಲ್ಲಿ ಇವೆ. ಯಾವ ಬಣ್ಣ ಹೊಡೆಸುವುದು ಅಂತ ಮನೆಯಲ್ಲಿ ಇನ್ನೂ ತೀರ್ಮಾನ ಆಗಿಲ್ಲ, ಮ್ಯಾಟ್ ಬ್ಲ್ಯಾಕ್ ಅಂದವರಿಗೆ ಊಟ ಇಲ್ಲ ಅನ್ನುವುದೊಂದು ಪಾಸಾಗಿದೆ. ಮುಂದಿನ ಚಕ್ರದ ಮೂವತ್ತಾರು ಸ್ಪೋಕನ್ನೂ ಒಂದೊಂದಾಗಿ ಉಜ್ಜಿ ಮುಗಿಸಿದೆ. ಹಿಂದಿನ ಚಕ್ರ ಬಾಕಿ ಇದೆ. ಅದನ್ನು ತೆಗೆಯಲು ಚೈನ್ ಬಿಚ್ಚೋಣ ಅಂತ ಹೊರಟಿದ್ದೇನೆ, ಚೈನ್ ಬಿಚ್ಚಬೇಕಾದರೆ ಅದರ ಎರಡು ತುದಿ ಸೇರಿಸುವ ಲಿಂಕಿನ ಕ್ಲಿಪ್ ಹುಡುಕಬೇಕು. ಎಲ್ಲ ಲಿಂಕೂ ಒಂದೇ ಥರ ಕಪ್ಪಗಿವೆ.