ಅಧಿಕಾರ ಇಲ್ಲದ ಅಧ್ಯಕ್ಷರು ಐರ್ಲೆಂಡಿಗೆ ಬೇಕಾ?

ಪರ: ಆ ದೀಪ ಉರಿಯುತ್ತಿರಲಿ

ಡಬ್ಲಿನ್‌ನಲ್ಲಿ ನಾನು ನಾಲ್ಕು ವರ್ಷ ಇದ್ದೆ. ಮೊದಲ ಚಳಿಗಾಲದಲ್ಲಿ ಊರಿನ ನೆನಪು ಜಾಸ್ತಿ ಕಾಡುತ್ತಿತ್ತು. ನಾಲ್ಕೂವರೆಗೇ ಕತ್ತಲು. ಒಂದು ಸಂಜೆ, ಜೊತೆಗೆ ಕೆಲಸ ಮಾಡುತ್ತಿದ್ದ ಐರಿಶ್ ಹೆಂಗಸೊಬ್ಬರು ಫೀನಿಕ್ಸ್ ಪಾರ್ಕಿಗೆ ಕರೆದುಕೊಂಡು ಹೋದರು. ದೂರದಲ್ಲಿ ಬಿಳಿ ಬಂಗಲೆ. ಹಿಂದೆ ಬ್ರಿಟಿಷ್ ವೈಸ್‌ರಾಯ್ ಇದ್ದ ಮನೆ, ಈಗ ಅಧ್ಯಕ್ಷರದು. ಅದರ ಕಿಟಕಿಯಲ್ಲೊಂದು ದೀಪ.

“ದೇಶ ಬಿಟ್ಟು ಹೋದ ನಮ್ಮವರಿಗಾಗಿ ಮೇರಿ ರಾಬಿನ್ಸನ್ ಇಟ್ಟಿದ್ದು” ಎಂದರು. ಅವರ ಅಣ್ಣಂದಿರಿಬ್ಬರೂ ಬಾಸ್ಟನ್‌ನಲ್ಲಿದ್ದರು.

ಅಲ್ಲಿಂದಲೇ ಅಮ್ಮನಿಗೆ ಫೋನ್ ಮಾಡಿದೆ. “ಎಣ್ಣೆ ದೀಪನಾ, ಲೈಟಾ?” ಎಂದು ಕೇಳಿದರು. ಲೈಟು ಅಂದೆ. “ಆಗಲಿ, ಆರಿಸಬೇಡಿ ಅಂತ ಹೇಳು” ಅಂದರು. ಅವತ್ತು ರಾತ್ರಿ ನನಗೆ ಚೆನ್ನಾಗಿ ನಿದ್ದೆ ಬಂತು.

ಯಾವ ಮಂತ್ರಿ ಇಂಥ ಕೆಲಸ ಮಾಡುತ್ತಾರೆ? 1990ರಲ್ಲಿ ಗೆದ್ದ ರಾಬಿನ್ಸನ್ ಅಲ್ಲಿನ ಮೊದಲ ಮಹಿಳಾ ಅಧ್ಯಕ್ಷೆ. ಅವರ ನಂತರ ಬಂದ ಮೇರಿ ಮೆಕಲೀಸ್ ಬ್ರಿಟನ್ ಕೈಯಲ್ಲೇ ಉಳಿದ ಉತ್ತರ ಐರ್ಲೆಂಡಿನ ಬೆಲ್‌ಫಾಸ್ಟ್‌ನಲ್ಲಿ ಹುಟ್ಟಿದವರು, ಅಲ್ಲಿನ ಕ್ಯಾಥೊಲಿಕ್–ಪ್ರಾಟೆಸ್ಟಂಟ್ ಗಲಭೆಯನ್ನು ಕಣ್ಣಾರೆ ಕಂಡವರು. 2011ರಲ್ಲಿ ರಾಣಿ ಎಲಿಜಬೆತ್ ಡಬ್ಲಿನ್‌ಗೆ ಬಂದಾಗ ಬರಮಾಡಿಕೊಂಡವರು ಅವರೇ. ಬ್ರಿಟನ್ನಿನ ದೊರೆಯೊಬ್ಬರು ಅಲ್ಲಿಗೆ ಬಂದು ನೂರು ವರ್ಷವಾಗಿತ್ತು. ಅಂಥ ಹೊತ್ತಿನಲ್ಲಿ ಬಾಗಿಲಲ್ಲಿ ನಿಲ್ಲಲು ಪಕ್ಷದ ಜಗಳದಿಂದ ದೂರ ಇರುವವರೇ ಬೇಕು.

ವಿರೋಧಿಸುವವರು 1976ರಲ್ಲಿ ಮಂತ್ರಿಯೊಬ್ಬರು ಬೈದಾಗ ಅಧ್ಯಕ್ಷರೇ ರಾಜೀನಾಮೆ ಕೊಟ್ಟ ಕಥೆ ಎತ್ತುತ್ತಾರೆ. ಅದು ಹಳೆಯ ಮಾತು. ಬೈಯುವುದು, ಎತ್ತಂಗಡಿ ಮಾಡುವುದು, ಇಷ್ಟನ್ನೇ ಅಧಿಕಾರ ಅಂದುಕೊಂಡವರಿಗೆ ಆ ಕಿಟಕಿಯ ಬೆಲೆ ಹೇಗೆ ತಿಳಿಯಬೇಕು?

ವಿರೋಧ: ಸಹಿಗೊಂದು ಅರಮನೆ ಯಾಕೆ?

ನಮ್ಮ ಸಂವಿಧಾನದ ನಿರ್ದೇಶಕ ತತ್ವಗಳಿಗೆ ಐರ್ಲೆಂಡಿನ 1937ರ ಸಂವಿಧಾನವೇ ಮಾದರಿ. ಅದರ ಮೇಲೆ ನನಗೆ ಗೌರವವಿದೆ. ಹಾಗಾಗಿ ವಿರೋಧ ಬರೆಯಿರಿ ಎಂದಾಗ ಸ್ವಲ್ಪ ಹಿಂಜರಿದೆ. ರಾಬಿನ್ಸನ್ ದೊಡ್ಡವರು, ಒಪ್ಪಿದೆ. ಆದರೆ ದೊಡ್ಡವರು ಕೂತರು ಅಂತ ಕುರ್ಚಿ ದೊಡ್ಡದಾಗುವುದಿಲ್ಲ.

ಏಳು ವರ್ಷದ ಅವಧಿ. ಸರ್ಕಾರ ಒಪ್ಪದೆ ಅಧ್ಯಕ್ಷರು ದೇಶದಾಚೆ ಹೋಗುವಂತಿಲ್ಲ. ಜನರೇ ಆರಿಸುತ್ತಾರೆ ಅನ್ನುತ್ತಾರೆ. ಆದರೆ 1973ರ ನಂತರ 1990ರವರೆಗೆ ಮತದಾನವೇ ಆಗಲಿಲ್ಲ. ಪ್ರತಿ ಸಲ ಒಬ್ಬರೇ ಅಭ್ಯರ್ಥಿ.

ಅವರ ಕೈಯಲ್ಲಿರುವ ನಿಜವಾದ ಅಸ್ತ್ರ ಒಂದು: ಸಂವಿಧಾನಕ್ಕೆ ಒಪ್ಪುತ್ತದೆಯೇ ನೋಡಿ ಎಂದು ಮಸೂದೆಯನ್ನು ಸುಪ್ರೀಂ ಕೋರ್ಟಿಗೆ ಕಳಿಸುವುದು. 1976ರಲ್ಲಿ ಅಧ್ಯಕ್ಷ ಕಾರ್ವಲ್ ಓ ಡಾಲಿ ತುರ್ತು ಅಧಿಕಾರದ ಮಸೂದೆಯನ್ನು ಹಾಗೆ ಕಳಿಸಿದರು. ರಕ್ಷಣಾ ಮಂತ್ರಿ ಸೈನಿಕರ ಎದುರೇ ಅವರನ್ನು ಹೀನಾಯವಾಗಿ ಬೈದರು. ಮಂತ್ರಿಯ ಕುರ್ಚಿ ಉಳಿಯಿತು, ರಾಜೀನಾಮೆ ಕೊಟ್ಟವರು ಅಧ್ಯಕ್ಷರು. ತನ್ನ ಕೆಲಸ ಮಾಡಿದ್ದಕ್ಕೇ ಹೊರಗೆ ಹೋಗಬೇಕಾದ ಹುದ್ದೆ ಇನ್ಯಾರನ್ನು ಕಾಪಾಡೀತು?

2012ರಲ್ಲಿ ಗಾಲ್ವೇ ಊರಿನಲ್ಲಿ ಬೆಳಗಾವಿ ಮೂಲದ ದಂತವೈದ್ಯೆಯೊಬ್ಬರು ತೀರಿಕೊಂಡರು. ಗರ್ಭ ಉಳಿಯುವುದಿಲ್ಲ ಎಂದು ಗೊತ್ತಾಗಿ ಗರ್ಭಪಾತ ಮಾಡಿ ಎಂದು ಕೇಳಿದ್ದರು, ಮಾಡಲಿಲ್ಲ. ಆ ಸುದ್ದಿ ಓದಿದ ದಿನ ನಮ್ಮ ಮನೆಯಲ್ಲಿ ಯಾರೂ ಸರಿಯಾಗಿ ಊಟ ಮಾಡಲಿಲ್ಲ. ಆಮೇಲೆ ಬೀದಿಗಿಳಿದವರು ಅಲ್ಲಿನ ಜನ. ಗರ್ಭಪಾತಕ್ಕೆ ಅಡ್ಡವಾಗಿದ್ದ ಸಂವಿಧಾನವನ್ನು 2018ರ ಜನಮತದಲ್ಲಿ ಬದಲಿಸಿದವರೂ ಅವರೇ. ಅಧ್ಯಕ್ಷರ ಪಾಲಿಗೆ ಉಳಿದಿದ್ದು ಕೊನೆಯ ಸಹಿ. ಆ ಸಹಿಯನ್ನು ಸಂಸತ್ತಿನ ಸ್ಪೀಕರ್ ಕೂಡ ಹಾಕಬಹುದು, ಅಲ್ವಾ?