82ರ ಅಜ್ಜಿಗೂ 22ರ ಹುಡುಗಿಗೂ ಒಂದೇ ನಾರ್ಮಲ್ಲಾ?

ಈಗಷ್ಟೇ ಪಕ್ಕದ ಮನೆಯಿಂದ ಬಂದೆ. ಸಿಟ್ಟು ಇನ್ನೂ ಇಳಿದಿಲ್ಲ, ಅದಕ್ಕೇ ಬರೆಯುತ್ತಿದ್ದೇನೆ.

ಅಲ್ಲಿನ ಅಜ್ಜಿಗೆ 82. ಇವತ್ತಿಗೂ ಬೆಳಿಗ್ಗೆ ಎದ್ದು ಹೂ ಕೊಯ್ಯುತ್ತಾರೆ, ಅಡಿಕೆ ಸುಲಿಯಲು ಎಲ್ಲರಿಗಿಂತ ಮೊದಲು ಕೂರುತ್ತಾರೆ. ಬೆಂಗಳೂರಿನಿಂದ ಬಂದ ಮಗ ಪೇಟೆಗೆ ಕರೆದುಕೊಂಡು ಹೋಗಿ ಫುಲ್ ಬಾಡಿ ಚೆಕಪ್ ಮಾಡಿಸಿದ್ದಾನೆ. ರಿಪೋರ್ಟಿನಲ್ಲಿ ಟಿಎಸ್‌ಎಚ್ (ಥೈರಾಯಿಡ್ ಗ್ರಂಥಿಗೆ ಕೆಲಸ ಮಾಡು ಅಂತ ಹೇಳುವ ಹಾರ್ಮೋನು) 6.2. ಪಕ್ಕದಲ್ಲಿ ದಪ್ಪ ಅಕ್ಷರದಲ್ಲಿ ಹೈ. ನಾರ್ಮಲ್ ಎಂದು ಅಚ್ಚಾಗಿರುವುದು 0.4ರಿಂದ 4.0. ಮನೆಯಲ್ಲಿ ಯಾರಿಗೂ ಊಟ ಸೇರುತ್ತಿಲ್ಲ. ನಾಳೆಯೇ ಮಣಿಪಾಲಕ್ಕೆ ಹೊರಡಬೇಕಂತೆ. ದೇವಿಮನೆ ಘಟ್ಟ ಇಳಿದು ಕುಮಟಾ, ಅಲ್ಲಿಂದ ಹೆದ್ದಾರಿ ಹಿಡಿದು ಮಣಿಪಾಲ. ಆ ವಯಸ್ಸಿನವರಿಗೆ ಅದು ಎಂಥ ಪ್ರಯಾಣ ಅಂತ ನಮ್ಮ ಜಿಲ್ಲೆಯವರಿಗೆ ಹೇಳಬೇಕಾಗಿಲ್ಲ.

ವೈದ್ಯರಿಗೆ ತೋರಿಸಬೇಡಿ ಅಂತ ನಾನು ಹೇಳುತ್ತಿಲ್ಲ. ತೋರಿಸಲಿ. ನನ್ನ ಸಿಟ್ಟು ಆ 4.0 ಮೇಲೆ.

ನಾನು ಲ್ಯಾಬಿನಲ್ಲೇ ತಲೆ ಹಣ್ಣು ಮಾಡಿಕೊಂಡವನು, ನಿಮಗೆ ಗೊತ್ತೇ ಇದೆ. ಆ ಅಂಕಿ ಎಲ್ಲಿಂದ ಬರುತ್ತದೆ ಹೇಳುತ್ತೇನೆ ಕೇಳಿ. ಬಹಳ ಸಲ ಕಿಟ್ ಡಬ್ಬಿಯಲ್ಲಿ ಮಡಚಿಟ್ಟ ಕಾಗದದಿಂದ ಬರುತ್ತದೆ. ಆರೋಗ್ಯವಾಗಿರುವ ಒಂದಷ್ಟು ಜನರ ರಕ್ತ ತೆಗೆದುಕೊಂಡು, ಬಂದ ಅಂಕಿಗಳನ್ನು ಸಾಲಾಗಿ ಜೋಡಿಸಿ, ಕೆಳಗಿನ ಶೇ. 2.5, ಮೇಲಿನ ಶೇ. 2.5 ಬಿಟ್ಟರೆ ಉಳಿಯುವುದೇ ನಾರ್ಮಲ್. ಅಂದರೆ ಚೆನ್ನಾಗಿರುವ 20 ಜನರಲ್ಲಿ ಒಬ್ಬರು ಹೇಗೂ ಹೊರಗೆ ಬೀಳುತ್ತಾರೆ. ಒಂದಕ್ಕೊಂದು ಸಂಬಂಧವಿಲ್ಲದ 20 ಪರೀಕ್ಷೆ ಒಟ್ಟಿಗೆ ಮಾಡಿಸಿದರೆ, ಏನೂ ಕಾಯಿಲೆ ಇಲ್ಲದವರಿಗೂ ಒಂದರಲ್ಲಾದರೂ ದಪ್ಪ ಅಕ್ಷರ ಬೀಳುವ ಸಾಧ್ಯತೆ ಶೇ. 64. ಇದನ್ನು ಚೆಕಪ್ ಪ್ಯಾಕೇಜ್ ಮಾರುವವರು ಯಾರೂ ಹೇಳುವುದಿಲ್ಲ.

ಆದರೆ ಆ ರಕ್ತ ಕೊಟ್ಟವರು ಯಾರು? ಯಾವ ಊರಿನವರು, ಎಷ್ಟು ವಯಸ್ಸಿನವರು? ವಯಸ್ಸಾದ ಹಾಗೆ ಟಿಎಸ್‌ಎಚ್ ಮೇಲಕ್ಕೆ ಹೋಗುತ್ತದೆ. ಅಮೆರಿಕದ ರಾಷ್ಟ್ರೀಯ ಸಮೀಕ್ಷೆಯ ಅಂಕಿಗಳಲ್ಲಿ, ಥೈರಾಯಿಡ್ ಕಾಯಿಲೆ ಇಲ್ಲದ 80 ದಾಟಿದವರ ಮೇಲಿನ ಮಿತಿ ಸುಮಾರು 7.5 ಬಂದಿತ್ತು. ಆ ಲೆಕ್ಕದಲ್ಲಿ ನಮ್ಮ ಅಜ್ಜಿ ಒಳಗೇ ಇದ್ದಾರೆ. ಆದರೂ ರಿಪೋರ್ಟಿನಲ್ಲಿ 22ರ ಹುಡುಗಿಗೂ ಅವರಿಗೂ ಒಂದೇ ಗೆರೆ.

ವಯಸ್ಸಿಗೆ ತಕ್ಕ ಗೆರೆ ಎಳೆಯುವುದು ಸುಲಭ ಅಲ್ಲ, ಒಪ್ಪುತ್ತೇನೆ. ನಿಯಮದ ಪ್ರಕಾರ ಒಂದೊಂದು ಗುಂಪಿಗೂ ಕನಿಷ್ಠ 120 ಆರೋಗ್ಯವಂತರು ಬೇಕು. 80 ದಾಟಿ, ಒಂದು ಮಾತ್ರೆಯನ್ನೂ ನುಂಗದ 120 ಜನರನ್ನು ಎಲ್ಲಿಂದ ತರುವುದು? ಮಕ್ಕಳದ್ದು ಇನ್ನೂ ಕಷ್ಟ. ಮೂಳೆಯಿಂದಲೂ ಲಿವರಿನಿಂದಲೂ ಬರುವ ಅಲ್ಕಲೈನ್ ಫಾಸ್ಫಟೇಸ್ ಅನ್ನುವ ಕಿಣ್ವ ಮೂಳೆ ಬೆಳೆಯುವಾಗ ದೊಡ್ಡವರಿಗಿಂತ ಎಷ್ಟೋ ಜಾಸ್ತಿ ಇರುತ್ತದೆ. ದೊಡ್ಡವರ ಗೆರೆ ಹಾಕಿ ಅಳೆದರೆ ಚೆನ್ನಾಗಿ ಬೆಳೆಯುತ್ತಿರುವ ಮಗುವಿಗೂ ಲಿವರ್ ತೊಂದರೆ ಅಂತ ಹೆದರಿಸಬಹುದು. ಹಾಗಂತ ನೆಟ್ಟಗಿರುವ ಮಗುವಿಗೆ ಸುಮ್ನೆ ಸೂಜಿ ಚುಚ್ಚಲು ಯಾವ ತಾಯಿ ಒಪ್ಪುತ್ತಾಳೆ?

ಹೊಸದಾಗಿ ಚುಚ್ಚುವ ಅಗತ್ಯವೇ ಇಲ್ಲವಲ್ಲ! ಕಾರವಾರ, ಕುಮಟಾ, ಹೊನ್ನಾವರ, ಶಿರಸಿಯ ಲ್ಯಾಬ್ ಕಂಪ್ಯೂಟರುಗಳಲ್ಲಿ ವರ್ಷಗಟ್ಟಲೆಯ ಅಂಕಿಗಳು ಹಾಗೇ ಬಿದ್ದಿವೆ. ಬಿಲ್ ತೆಗೆದ ಮೇಲೆ ಅವುಗಳನ್ನು ಕೇಳುವವರೇ ಇಲ್ಲ.

ಅದೆಲ್ಲ ರೋಗಿಗಳದ್ದು, ಅದರಲ್ಲಿ ನಾರ್ಮಲ್ ಹೇಗೆ ಸಿಗುತ್ತದೆ ಅಂತ ತಕ್ಷಣ ಕೇಳುತ್ತಾರೆ. ನನಗೆ ಇದನ್ನು ಕೇಳಿ ಕೇಳಿ ಸಾಕಾಗಿದೆ. ಐಸಿಯು, ವಾರ್ಡು ಬಿಡಿ, ಹೊರರೋಗಿಗಳದ್ದು ಮಾತ್ರ ತೆಗೆದುಕೊಳ್ಳಿ. ಒಬ್ಬರದ್ದು ಒಂದೇ ರಿಪೋರ್ಟ್. ಥೈರಾಯಿಡ್ ಮಾತ್ರೆ ತಗೊಳ್ಳುವವರನ್ನು ಬಿಡಿ. ಉಳಿದವರಲ್ಲಿ ಹೆಚ್ಚಿನವರು ಆ ಪರೀಕ್ಷೆಯ ಮಟ್ಟಿಗೆ ಸರಿಯಾಗಿಯೇ ಇರುತ್ತಾರೆ. ಅವರ ಅಂಕಿಗಳು ನಡುವೆ ಗುಡ್ಡೆಯಾಗಿ ನಿಲ್ಲುತ್ತವೆ, ಕಾಯಿಲೆಯವರದ್ದು ಅಂಚಿಗೆ ಹೋಗುತ್ತವೆ. ಆ ಗುಡ್ಡೆಯನ್ನು ಬೇರ್ಪಡಿಸುವ ಲೆಕ್ಕ ಹೊಸದೇನಲ್ಲ. 1963ರಲ್ಲಿ ಹಾಫ್‌ಮನ್ ಒಂದು ದಾರಿ ತೋರಿಸಿದರು. 1967ರಲ್ಲಿ ಸಿ. ಜಿ. ಭಟ್ಟಾಚಾರ್ಯ ಇನ್ನೊಂದು ದಾರಿ ಬರೆದರು. ಇಷ್ಟು ಹಿಂದೆಯೇ ಆದ ಕೆಲಸ, ನಮ್ಮ ಲ್ಯಾಬುಗಳಿಗೆ ಇನ್ನೂ ಬಂದಿಲ್ಲ ಅಂದರೆ ಹೊಟ್ಟೆ ಉರಿಯುತ್ತದೆ. ಈಗಂತೂ ರಿಫೈನ್‌ಆರ್ ಅನ್ನುವ ಉಚಿತ ಪ್ರೋಗ್ರಾಮೇ ಇದೆ.

ಎಲ್ಲದಕ್ಕೂ ಇದು ನಡೆಯುವುದಿಲ್ಲ, ಅದನ್ನೂ ಹೇಳಿಬಿಡುತ್ತೇನೆ. ಹಿಮೋಗ್ಲೋಬಿನ್ ಮುಟ್ಟಬಾರದು. ನಮ್ಮ ಹೆಂಗಸರಲ್ಲಿ ರಕ್ತಹೀನತೆ ಅಷ್ಟಿದೆ. ಗುಡ್ಡೆಯ ನಡುವನ್ನೇ ನಂಬಿದರೆ 10 ಇದ್ದವಳನ್ನೂ ಚೆನ್ನಾಗಿದ್ದಾಳೆ ಅಂದುಬಿಡುತ್ತೇವೆ. ಅಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಹೆಂಗಸರಿಗೆ ಹಾಕಿದ 12ರ ಗೆರೆಯೇ ಇರಲಿ. ಸಕ್ಕರೆ, ಕೊಲೆಸ್ಟ್ರಾಲ್ ಕೂಡ ಹಾಗೆಯೇ, ಅವುಗಳ ಮಿತಿ ಇಟ್ಟಿರುವುದು ಮುಂದೆ ಬರುವ ಅಪಾಯ ನೋಡಿ.

ಇನ್ನೊಂದು ವಿಷಯ ನನ್ನನ್ನು ಬಹಳ ಕಾಡುತ್ತದೆ. ಆಫ್ರಿಕಾ ಮೂಲದ ಅನೇಕರಲ್ಲಿ ನ್ಯೂಟ್ರೋಫಿಲ್ ಅನ್ನುವ ಬಿಳಿ ರಕ್ತಕಣ ಹುಟ್ಟಿನಿಂದಲೇ ಕಡಿಮೆ ಇರುತ್ತದೆ. ಅದು ಕಾಯಿಲೆ ಅಲ್ಲ. ಯಲ್ಲಾಪುರ, ಹಳಿಯಾಳದ ನಮ್ಮ ಸಿದ್ದಿ ಜನರ ಪೂರ್ವಜರು ಅಲ್ಲಿಂದಲೇ ಬಂದವರು. ಅವರ ನಾರ್ಮಲ್ ಎಷ್ಟು ಅಂತ ನಾವಲ್ಲದೆ ಇನ್ಯಾರು ನೋಡಬೇಕು? ಕಿಟ್ ಕಂಪನಿ ನೋಡುತ್ತದಾ?

ಲ್ಯಾಬ್ ನಡೆಸುವ ಗೆಳೆಯರೇ, ಹೆಸರು, ಫೋನ್ ನಂಬರ್ ಎಲ್ಲ ಅಳಿಸಿ. ವಯಸ್ಸು, ಗಂಡೋ ಹೆಣ್ಣೋ, ಯಾವ ಮಷೀನು, ಯಾವ ತಾರೀಕು, ಎಷ್ಟು ಬಂತು, ಇಷ್ಟಿದ್ದರೆ ಸಾಕು. ನಿಮ್ಮ ಪೆಥಾಲಜಿಸ್ಟ್ ಒಪ್ಪಿದರೆ ನಿಮ್ಮಲ್ಲೇ ಬಂದು, ನಿಮ್ಮ ಕಂಪ್ಯೂಟರಿನಲ್ಲೇ ಕೂತು ಲೆಕ್ಕ ಹಾಕಿಕೊಡುತ್ತೇನೆ, ದುಡ್ಡು ಬೇಡ. 60 ದಾಟಿದವರ ಟಿಎಸ್‌ಎಚ್‌ನಿಂದ ಶುರು ಮಾಡೋಣ. ಇನ್‌ಬಾಕ್ಸಿಗೆ ಬನ್ನಿ.